ಎರವಲು ನಿದ್ದೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಗರಡಿಮನೆಯ ಹನುಮಪ್ಪನ ಮುಂದಿನ ದೀಪವೂ ಮಸುಕಾಗಿತ್ತು. ಹಾಲಿಗೆ ಹೆಪ್ಪು ಕೊಟ್ಟಷ್ಟೇ ಸಲೀಸಾಗಿ ನಿದ್ದೆಯನ್ನೂ ತಂಬಿಗೆಯಲ್ಲಿ ಎರವಲು ಕೊಡುವ ಊರು ಅದು. ಕುಸ್ತಿಯ ಕಾಶವ್ವ ಎಂಟು ದಿನದಿಂದ ಅಜ್ಜಿ ತುಳಜವ್ವನ ನಿದ್ದೆ ಕುಡಿದು, ತಾನು ಮಲಗದೆ ಸಾಮು ಮಾಡುತ್ತಿದ್ದಳು. ಪಂದ್ಯಕ್ಕೆ ಇನ್ನು ಮೂರೇ ದಿನ. ಆದರೆ ನಿನ್ನೆ ಹೆಗಲೇರಿದ ಗುಂಡುಕಲ್ಲು ಇಂದು ಮೊಣಕಾಲು ದಾಟಲಿಲ್ಲ.

ಕೆಂಪೇರಿದ ಕಣ್ಣಿನ ಅಜ್ಜಿ ತುಂಬಿದ ತಂಬಿಗೆ ತಂದು ಅವಳ ಕೈಗಿಟ್ಟಳು. "ಕುಡಿಯವ್ವಾ. ಈ ಮುದುಕಿಗ್ಯಾಕ ನಿದ್ದಿ? ನೀ ಗೆದ್ರ ಸಾಕು."

ಉಸ್ತಾದ ಮಲಂಗಸಾಬರು ನಕ್ಕರು. "ಎರವಲು ನಿದ್ದಿಯಿಂದ ಕಣ್ಣು ತೆರೀತಾವ, ಮೈ ಕಟ್ಟಂಗಿಲ್ಲ. ಈ ಅಖಾಡದ ಮಣ್ಣನ್ನೂ ವಾರಕ್ಕೊಂದಿನ ತುಳೀದ ಬಿಡ್ತೀವಿ."

"ಎದುರಿನಾಕಿ ಇವತ್ತೂ ಸಾಮು ಮಾಡ್ತಾಳಲ್ರೀ!" ಎಂದಳು ಕಾಶವ್ವ.

"ಮಾಡ್ಲಿ. ಸುಮ್ನ ಮಲಗಾಕ ಅದಕ್ಕಿಂತ ದೊಡ್ಡ ಎದಿ ಬೇಕು. ಐತೇನು?"

ಕಾಶವ್ವ ಗುಂಡುಕಲ್ಲನ್ನು ಒಮ್ಮೆ ಕಣ್ತುಂಬ ನೋಡಿದಳು. ಹನುಮಪ್ಪನಿಗೆ ತಲೆಬಾಗಿ, ಅಖಾಡ ಬಿಟ್ಟು ಮೇಲೆ ಬಂದಳು. ಉಸ್ತಾದರು ತಮ್ಮ ಪಟಗ ಬಿಚ್ಚಿ, ಗೆದ್ದವರಿಗೆ ಸುತ್ತುವಂತೆ ಅವಳ ತಲೆಗೆ ಸುತ್ತಿದರು.

"ಕುಸ್ತಿ ಇನ್ನೂ ಆಗಿಲ್ರೀ!"

"ದೊಡ್ಡದು ಆತು. ಸಣ್ಣದು ಉಳದೈತಿ."

ಕಾಶವ್ವ ತಲೆಯೆತ್ತಿ ನಡೆದು, ಒಂದು ಹನಿಯೂ ಚೆಲ್ಲದಂತೆ ತಂಬಿಗೆಯನ್ನು ಅಜ್ಜಿಯ ಕೈಗೆ ಮರಳಿಸಿದಳು.