ವಿಸ್ಕಾನ್ಸಿನ್ನಿನ ಬೈಗುಳ

ಇದು ನಿಜವಾಗಿ ನಡೆದ ಕಥೆ. ಇದರೊಳಗಿನ ಪತ್ರಗಳು ಮಾತ್ರ ಸುಳ್ಳು.

ಆ ದಿನದ ಅಂಚೆಯನ್ನು ಸಿರಿಲ್ ಆಕ್ರಾಯ್ಡ್ ಎರಡೆರಡು ಸಲ ಓದಿದ. 'ಮೇಡಂ, ಕಾಗದದ ಮೇಲೆ ಕಾದಾಡಿದ್ದು ಸಾಕು. ಇಂಗ್ಲೆಂಡಿಗೆ ಬಂದಿಳಿದು, ಮಂಗಳವಾರ ಎರಡೂ ಹತ್ತರ ರೈಲಿನಲ್ಲಿ ನಿಮ್ಮ ಹ್ಯಾಲಿಫ್ಯಾಕ್ಸಿಗೆ ಬರ್ತಿದ್ದೇನೆ. ಮುಖಾಮುಖಿ ಆಗಿಬಿಡಲಿ. ಮರ್ಲ್ ಟೋಲೆಫ್ಸನ್, ವಿಸ್ಕಾನ್ಸಿನ್.'

ಮೇಡಂ ಎಂದರೆ ಸಿರಿಲನ ಹೆಂಡತಿ ಎನಿಡ್. ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅವಳ ಹೆಸರಿನಲ್ಲಿ ಈ ಮರ್ಲನ ಜೊತೆ ಜಗಳವಾಡುತ್ತಿದ್ದವನು ಸಿರಿಲ್.

ಕಿಡಿ ಹಚ್ಚಿದ್ದು ಲಂಡನ್ನಿನ ಒಂದು ಪತ್ರಿಕೆ. ಅಮೆರಿಕದ ಚುನಾವಣೆಯೆಂದರೆ ಇಡೀ ಜಗತ್ತಿನ ಹಣೆಬರಹ, ಆದ್ದರಿಂದ ಓದುಗರು ಅಲ್ಲಿನ ಒಬ್ಬೊಬ್ಬ ಮತದಾರನಿಗೆ ಬುದ್ಧಿ ಹೇಳಿ ಪತ್ರ ಬರೆಯಲಿ ಎಂದು ಅದು ಕರೆ ಕೊಟ್ಟಿತು. ವಿಸ್ಕಾನ್ಸಿನ್ನಿನ ಒಂದು ಜಿಲ್ಲೆಯ ಮತದಾರರ ಪಟ್ಟಿ ತರಿಸಿ ವಿಳಾಸಗಳನ್ನೂ ಹಂಚಿತು. ನಲವತ್ತು ವರ್ಷ ಶಾಲೆಯಲ್ಲಿ ಬುದ್ಧಿ ಹೇಳಿದ್ದ ಎನಿಡ್ ಬಿಟ್ಟಾಳೆಯೇ? ಅವಳ ಪಾಲಿಗೆ ಬಂದವನು ಮರ್ಲ್. ಉತ್ತರ ಖಾರವಾಗಿಯೇ ಬಂತು: 'ಯಾರಿಗೆ ವೋಟು ಹಾಕಬೇಕು ಅಂತ ಹೇಳೋಕೆ ನೀವ್ಯಾರು? ನಿಮ್ಮ ರಾಣಿಗೆ ಯಾವಾಗ ವೋಟು ಹಾಕಿದ್ರಿ?'

ಚುನಾವಣೆ ಮುಗಿಯಿತು, ಜಗಳ ಮುಗಿಯಲಿಲ್ಲ. ಎನಿಡ್ ತಿಂಡಿಯ ಮೇಜಿನಲ್ಲಿ ಮರ್ಲನ ಪತ್ರ ಓದುವಳು. ಸಿರಿಲ್ ಹುಲ್ಲುಕಡ್ಡಿ ಕಚ್ಚಿದವನಂತೆ ಬಾಯಿ ಸೊಟ್ಟ ಮಾಡಿ, ಮರ್ಲನ ದನಿ ತೆಗೆದು, ಅದನ್ನೇ ಮತ್ತೆ ಹೇಳುವನು. ಬಸ್ ಕಂಡಕ್ಟರನಾಗಿದ್ದಾಗ ಅವನು ಅಣಕಿಸದ ಪ್ರಯಾಣಿಕನೇ ಇರಲಿಲ್ಲ. ಎನಿಡ್ ನಕ್ಕು ನಕ್ಕು ಪಕ್ಕೆ ಹಿಡಿದುಕೊಳ್ಳುವಳು. ಆ ಪಕ್ಕೆಯಲ್ಲೇ ಗಡ್ಡೆಯಿದೆ ಎಂದು ವಸಂತದಲ್ಲಿ ಗೊತ್ತಾಯಿತು.

ಅವಳನ್ನು ಮಣ್ಣು ಮಾಡಿದ ಮೇಲೆ ಮೂರು ವಾರ ಸಿರಿಲ್ ಕುರ್ಚಿ ಬಿಟ್ಟು ಏಳಲಿಲ್ಲ. ಅಳಲೂ ಇಲ್ಲ. ಆಗ ಬಂತು ಮರ್ಲನ ಪತ್ರ: 'ಏನ್ ಮೇಡಂ, ಬಾಯಿ ಬಿದ್ದುಹೋಯ್ತಾ? ಸೋತೆ ಅಂತ ಬರೆದುಬಿಡಿ.'

ಎನಿಡ್ ಸೋಲುವುದೇ? ಸಿರಿಲ್ ಅವಳ ಟೈಪ್‌ರೈಟರಿನ ಮುಂದೆ ಕೂತ. ಅವಳ ಗತ್ತು, ಅವಳ 'ಗಮನವಿಟ್ಟು ಕೇಳಿ', ಅವಳ ಸಹಿಯ ಉದ್ದನೆಯ ಬಾಲ, ಎಲ್ಲವೂ ಬಂತು. ಕೀಲಿ ಕುಟ್ಟುತ್ತಿದ್ದಷ್ಟು ಹೊತ್ತು ಅವಳು ಕೋಣೆಯಲ್ಲಿದ್ದಳು.

ಮರ್ಲ್ ಹಟಮಾರಿ. ನಿಮ್ಮಲ್ಲಿ ಟಿವಿ ನೋಡಲೂ ಲೈಸೆನ್ಸ್ ಬೇಕಂತೆ, ಅಂಥ ಟಿವಿ ಹೇಳಿದ್ದನ್ನು ನಾನು ನಂಬಬೇಕೆ ಎಂದ. ನೀವು ಹಾಲು ತರಲೂ ಬಂದೂಕು ಹಿಡಿದು ಹೋಗುತ್ತೀರಂತೆ ಎಂದು ಸಿರಿಲ್ ತಿರುಗಿಸಿ ಕೊಟ್ಟ. ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಕಾಯುತ್ತ ಕಾಯುತ್ತ ಜನಕ್ಕೆ ಗಡ್ಡ ಬೆಳೆಯುತ್ತದೆಂದು ನಮ್ಮ ಟಿವಿ ತೋರಿಸಿತು, ಸುಳ್ಳಾದರೆ ನೀವೇ ಹೋಗಿ ಎಣಿಸಿಕೊಂಡು ಬನ್ನಿ ಎಂದು ಮರ್ಲ್ ಸವಾಲು ಹಾಕಿದ. ಎನಿಡ್ ಕಣ್ಣು ಮುಚ್ಚಿದ ಮೇಲೆ ಆಸ್ಪತ್ರೆಯ ಬೀದಿಗೂ ಸಿರಿಲ್ ಕಾಲಿಟ್ಟಿರಲಿಲ್ಲ. ಹೋದ. ಮೂವತ್ತೊಂದು ಜನ, ಒಂದೇ ಗಡ್ಡ, ಅದೂ ಪಾದ್ರಿಯದು ಎಂದು ಬರೆದ.

ನಿಮ್ಮೂರಿಗೆ ಊರೇ ನಮ್ಮನ್ನು ದ್ವೇಷಿಸುತ್ತದೆಂದು ನಿಮ್ಮ ಪತ್ರಿಕೆ ಬರೆದರೆ ಆಯಿತೇ, ಹತ್ತು ಜನರನ್ನು ಕೇಳಿ ನೋಡಿ ಎಂದ ಮರ್ಲ್. ಸಿರಿಲ್ ಕೇಳಿದ. ಏಳನೆಯವನು ಮಾಂಸದಂಗಡಿಯವನು; ಅಮೆರಿಕದ ಬಗ್ಗೆ ಒಂದು ಮಾತೂ ಆಡದೆ ಗುರುವಾರದ ಡಾಮಿನೋ ಆಟಕ್ಕೆ ಕರೆದ. ನಮ್ಮ ಊರಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಬೈಯಬಹುದು, ನಿಮ್ಮಲ್ಲಿ ಅಷ್ಟು ಗುಂಡಿಗೆ ಇದೆಯೇ ಎಂದ ಮರ್ಲ್. ಸಿರಿಲ್ ಪುರಸಭೆಗೆ ಹೋಗಿ ಬಸ್ ನಿಲ್ದಾಣದ ಸೋರುವ ಚಾವಣಿಯ ಬಗ್ಗೆ ಬೈದು, ಚಪ್ಪಾಳೆ ಹೊಡೆಸಿಕೊಂಡು ಬಂದ.

ಈಗ ಮಂಗಳವಾರ. ನಿಜ ಹೇಳಿದರೆ ಪತ್ರ ನಿಲ್ಲುತ್ತದೆ. ಪತ್ರ ನಿಂತರೆ ಎನಿಡ್ ಇನ್ನೊಮ್ಮೆ ಸಾಯುತ್ತಾಳೆ. ಹೇಳದೆ ಇರುವುದಾದರೆ, ಅಷ್ಟು ದೂರದಿಂದ ಬಂದ ಮುದುಕನಿಗೆ ಯಾರನ್ನು ತೋರಿಸುವುದು?

ಸಿರಿಲ್ ನಿಲ್ದಾಣಕ್ಕೆ ಹೋಗಿ ನಿಂತ. ರೈಲಿನಿಂದ ಇಳಿದ ಗಂಡಸರಲ್ಲಿ ಒಬ್ಬನೂ ಅಮೆರಿಕದವನಂತೆ ಕಾಣಲಿಲ್ಲ. ಕೊನೆಗೆ ಉಳಿದವಳು ದಪ್ಪ ಕೋಟು ತೊಟ್ಟ, ಬಿಳಿಗೂದಲಿನ ಹೆಂಗಸು. ನೇರವಾಗಿ ಅವನ ಬಳಿಗೇ ಬಂದಳು.

"ನೀವು ಸಿರಿಲ್ ಅಲ್ವಾ? ನಾನು ಆರ್ಡಿಸ್. ಮರ್ಲ್ ಹೆಂಡ್ತಿ."

ನಿಲ್ದಾಣದ ಚಹಾದಂಗಡಿಯಲ್ಲಿ ಕೂತರು. ಸಿರಿಲ್ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಎನಿಡ್ ಇಲ್ಲಮ್ಮ. ಹೋದ ವರ್ಷದಿಂದ ಆ ಪತ್ರಗಳನ್ನೆಲ್ಲ ಬರೆದೋನು ನಾನು. ನಿಮ್ಮ ಯಜಮಾನ್ರಿಗೆ ಮೋಸ ಮಾಡ್ಬಿಟ್ಟೆ."

"ಅವರಿಗೆ ಇನ್ನು ಯಾರೂ ಮೋಸ ಮಾಡೋಕಾಗಲ್ಲ," ಎಂದಳು ಆರ್ಡಿಸ್. "ಮರ್ಲ್ ಹೋಗಿ ಐದು ವರ್ಷ ಆಯ್ತು. ನಮ್ಮ ಜಿಲ್ಲೆಯೋರು ಪಟ್ಟಿಯಿಂದ ಹೆಸರು ತೆಗೆದಿರಲಿಲ್ಲ. ನಿಮ್ಮ ಪತ್ರಿಕೆಯೋರು ಸತ್ತೋನಿಗೆ ಬುದ್ಧಿ ಹೇಳೋಕೆ ಹೊರಟಿದ್ರು."

"ಹಾಗಾದ್ರೆ ಬೈದಿದ್ದು?"

"ನಾನೇ. ಬೈಗುಳ ಮಾತ್ರ ಅವರದ್ದು. ಮೂವತ್ತೆಂಟು ವರ್ಷ ಕೇಳಿದ್ದೀನಲ್ಲ. ಈಗ ದಾಸ್ತಾನು ಮುಗೀತು, ಅದಕ್ಕೇ ಬಂದೆ."

ಅವಳು ಕೈಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಎನಿಡಳ ಟೈಪ್‌ರೈಟರ್. ತಾರೀಖು ಅವಳು ಹೋಗುವುದಕ್ಕೆ ಎರಡು ತಿಂಗಳ ಹಿಂದಿನದು.

'ಪ್ರಿಯ ಆರ್ಡಿಸ್, ಮರ್ಲ್ ಇಲ್ಲವೆಂದು ನೀವು ನಿಜ ಬರೆದಿರಿ. ನನ್ನದೂ ಒಂದು ನಿಜವಿದೆ: ಈ ಬೇಸಿಗೆ ನಾನು ದಾಟುವುದಿಲ್ಲ. ಸಿರಿಲ್ ಅಳುವವನಲ್ಲ, ಅಣಕಿಸುವವನು. ನನ್ನ ಪತ್ರ ನಿಂತರೆ ನಾನಿಲ್ಲವೆಂದು ತಿಳಿದು, ಮರ್ಲನ ಹೆಸರಿನಲ್ಲಿ ನನ್ನನ್ನು ಚೆನ್ನಾಗಿ ಬೈದು ಬರೆಯಿರಿ. ನನ್ನ ದನಿ ತೆಗೆದು ಜಗಳಕ್ಕೆ ಬಂದೇ ಬರುತ್ತಾನೆ. ಆಮೇಲೆ ಏನಾದರೂ ನೆಪ ಹೂಡಿ, ಅವನನ್ನು ಮನೆಯಿಂದ ಆಚೆ ಅಟ್ಟುತ್ತಿರಿ.'

ಆರ್ಡಿಸ್ ನಕ್ಕಳು, ಸಿರಿಲ್ ಅವಳಿಗಿಂತ ಜೋರಾಗಿ ನಕ್ಕ, ಪ್ಲಾಟ್‌ಫಾರಂ ತಿರುಗಿ ನೋಡುವಷ್ಟು, ಕಾಗದ ಒದ್ದೆಯಾಗಿ ಎನಿಡಳ ಸಹಿ ಕದಡಿಹೋಗುವಷ್ಟು.