ಗೌನಿನ ಅಂಚಿನ ಅರಿಶಿನ

ಇಸ್ತ್ರಿಯ ಹಬೆ ತಾಗಿದ ಕರಿ ಬಟ್ಟೆಯ ವಾಸನೆ ಈಗಲೂ ನನ್ನನ್ನು ಕಳವಾ ಊರಿನ ನಮ್ಮ ಒಂದೇ ಕೋಣೆಯ ಮನೆಗೆ ಎಳೆದೊಯ್ಯುತ್ತದೆ.

ಮಹಾಪೆಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಲೇ ಓದಿ ಮುಗಿಸಿದ ಅವ್ವ ಅಂದು ಮಧ್ಯಾಹ್ನ ಘಟಿಕೋತ್ಸವದಲ್ಲಿ ಪದವಿ ಪಡೆಯಲು ಹೊರಟಿದ್ದಳು. ಬಾಡಿಗೆಗೆ ತಂದ ಗೌನು ಮಂಚದ ಮೇಲಿತ್ತು. ಅಷ್ಟಗಲ ತೋಳು, ಕೆಂಪು ರೇಷ್ಮೆಯ ಅಂಚು. ಯಾರೋ ದೊಡ್ಡವರು ನಮ್ಮ ಮನೆಗೆ ಬಂದು ಮಲಗಿದಂತೆ ಕಂಡು ನಾನು ಮುಟ್ಟದೆ ನಿಂತಿದ್ದೆ.

ಅಪ್ಪನ ತಾಯಿಗೆ, ನಮ್ಮಜ್ಜಿಗೆ, ಅಂಥ ಭಯವಿರಲಿಲ್ಲ. ಹೊಸ ಬಟ್ಟೆಗೆಲ್ಲ ಮಾಡುವಂತೆ ಗೌನಿನ ಮೂಲೆಗೂ ಅರಿಶಿನ ಹಚ್ಚಿಬಿಟ್ಟಳು.

“ಅಯ್ಯ ಅತ್ತೀ, ಇದು ಬಾಡಗೀದು! ಸಂಜೀಕ ವಾಪಸ್ ಕೊಡಬೇಕ್ರಿ!” ಅವ್ವ ಓಡಿಬಂದಳು.

“ಬಾಡಗೀದ ಇರ್ಲಿ. ನಿನ್ನ ಮೈಮ್ಯಾಲೆ ಹೊಸಾದ ಅಲ್ಲೇನು?”

ಒದ್ದೆ ಕರವಸ್ತ್ರದಿಂದ ಉಜ್ಜಲೆಂದು ಅವ್ವ ಆ ಮೂಲೆಯನ್ನು ತಿರುವಿದಳು. ಒಳಮಡಿಕೆಯಲ್ಲಿ ಮೊದಲೇ ಹಳದಿ ಕಲೆಗಳಿದ್ದವು. ಒಂದರ ಪಕ್ಕ ಒಂದು, ತೊಳೆದು ತೊಳೆದು ಮಾಸಿದವು, ಯಾರ್ಯಾರದೋ ಮನೆಯವರು ಹಚ್ಚಿದ, ಬೆರಳಗಲದವು. ಮೂವರೂ ಬಗ್ಗಿ ನೋಡಿದೆವು.

ಅವ್ವ ಕರವಸ್ತ್ರ ಕೆಳಗಿಟ್ಟು ಅಜ್ಜಿಯ ಮುಂದೆ ತೋಳು ಚಾಚಿ ನಿಂತಳು.

“ನೀವ ತೊಡಸ್ರಿ, ಅತ್ತೀ.”