ಮಲತಾಯಿಯ ಸಾರು

"ಕೊಂದಿದ್ದು ಆ ಮಲತಾಯೀನೇ ಕಣೇ! ನಾನು ಮೊದಲೇ ಹೇಳಿರ್ಲಿಲ್ವಾ?" ಪಕ್ಕದ ಅಂಗಡಿಯ ಬೊಂಗ್‌ನ್ಯೋ ಒಣಮೀನಿನ ಕಟ್ಟನ್ನು ಹಲಗೆಯ ಮೇಲೆ ಕುಕ್ಕಿದಳು. "ಪರೀಕ್ಷೆ ದಿನ ಬೆಳಿಗ್ಗೆ ಕಡಲಪಾಚಿ ಸಾರು ಕೊಡ್ತಾಳಲ್ಲ, ಅವಳೆಂಥ ತಾಯಿ? ಅದನ್ನ ಕುಡಿದ್ರೆ ಓದಿದ್ದೆಲ್ಲ ಜಾರಿ ಹೋಗುತ್ತೆ ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು."

ಮಾಲ್ಸುನ್ ಒಣ ನೆತ್ತಲಿ ಮೀನು ಆರಿಸುತ್ತಿದ್ದಳು. ತಲೆಯೆತ್ತದೆಯೇ ಉತ್ತರಿಸಿದಳು.

"ಅವನ ಹುಟ್ಟುಹಬ್ಬ ಇದ್ದಿರಬಹುದು. ಹುಟ್ಟಿದ ದಿನ ಆ ಸಾರು ಮಾಡ್ಲೇಬೇಕಲ್ಲ."

"ಅಯ್ಯಯ್ಯೋ, ಮಲತಾಯಿ ಪರ ವಕೀಲಿ ಬೇರೆ!" ಎಂದು ನಕ್ಕ ಬೊಂಗ್‌ನ್ಯೋ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಮಾಲ್ಸುನ್ ಕೂಡ ತನ್ನ ಮಗ ಗ್ಯುಹೋನನ್ನು ಹೆತ್ತವಳಲ್ಲ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಕೊರಿಯಾದ ಬಂದರೂರು ಯೊಸುವಿನ ಮೀನುಪೇಟೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು.

ಟೀವಿಯ ಆ ಧಾರಾವಾಹಿ ಇಡೀ ಪೇಟೆಯ ತಲೆ ಕೆಡಿಸಿತ್ತು. ಕಾಲೇಜು ಪ್ರವೇಶ ಪರೀಕ್ಷೆಗೆಂದು ಹೊರಟ ಹುಡುಗ ಹೆಣವಾಗಿ ಸಿಗುತ್ತಾನೆ. ಅಂದು ಬೆಳಿಗ್ಗೆ ಮಲತಾಯಿ ಸಾರಿನ ಬಟ್ಟಲು ಮುಂದಿಟ್ಟಿದ್ದಳು. ಅವನು ಮುಟ್ಟದೆ ಎದ್ದುಹೋಗಿದ್ದ. ಸಾರು ಯಾಕೆ ಮಾಡಿದಳು? ಅಂತರ್ಜಾಲದಲ್ಲಿ ಅಭಿಮಾನಿಗಳು ಸೇರುವ ಹರಟೆಕಟ್ಟೆಯಲ್ಲಿ ಅದೇ ಜಗಳ. ಆಸ್ತಿಗೆ ಎಂದು ಒಬ್ಬ. ಸತ್ತ ಸವತಿಯ ಮೇಲಿನ ಹೊಟ್ಟೆಕಿಚ್ಚು ಎಂದು ಇನ್ನೊಬ್ಬ. 'ಒಣಸೀಗಡಿ' ಎಂಬ ಹೆಸರಿನವರು ಮಾತ್ರ ಹುಟ್ಟುಹಬ್ಬ, ಹುಟ್ಟುಹಬ್ಬ ಎಂದು ಬರೆದದ್ದನ್ನೇ ಬರೆಯುತ್ತಿದ್ದರು.

ಒಣಸೀಗಡಿ ಎಂದರೆ ಮಾಲ್ಸುನ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅಂದು ಊಟಕ್ಕೆ ಕೂತಾಗ ಗ್ಯುಹೋ ಫೋನು ನೋಡುತ್ತ ನಕ್ಕ. "ಅಮ್ಮಾ, ಯಾರೋ ಒಣಸೀಗಡಿ ಅಂತೆ. ಪಾಪ, ಒಬ್ರೇ ಹೋರಾಡ್ತಿದ್ದಾರೆ. ನೀನೇನಂತೀಯ? ಆ ಸಾರು ಯಾಕೆ ಮಾಡಿದ್ಲು?"

"ನನಗೇನೋ ಗೊತ್ತು? ಬರೆದೋರನ್ನ ಕೇಳು."

"ಬರೆದೋರಿಗೆ ಎಲ್ಲಿ ಗೊತ್ತಿರುತ್ತೆ," ಎಂದು ಅವನು ಕಿಮ್ಚಿ ಉಪ್ಪಿನಕಾಯಿಯ ತಟ್ಟೆಯನ್ನು ಅವಳ ಕಡೆಗೆ ಸರಿಸಿದ.

ಅವಳು ಎದ್ದು ತನ್ನ ತಟ್ಟೆ ತೊಳೆಯಹೋದಳು.

ಗ್ಯುಹೋ ಹುಟ್ಟಿದ್ದು ಬೇಸಿಗೆಯಲ್ಲಿ. ಪರೀಕ್ಷೆ ನಡೆಯುವುದು ನವೆಂಬರಿನಲ್ಲಿ. ವರ್ಷಗಳ ಹಿಂದೆ ಅವನ ಪರೀಕ್ಷೆಯ ದಿನ ಅವಳು ಕಡಲಪಾಚಿಯ ಸಾರು ಮಾಡಿದ್ದಳು, ಬೇಕೆಂದೇ. ಗಂಡ ತೀರಿಹೋಗಿ ವರ್ಷ ತುಂಬಿರಲಿಲ್ಲ. ಒಳ್ಳೆಯ ಅಂಕ ಬಂದರೆ ಹುಡುಗ ಓದಲು ರಾಜಧಾನಿ ಸೋಲ್‌ಗೆ ಹೋಗುತ್ತಾನೆ; ಹೋದವನು ಹೆತ್ತವಳಲ್ಲದ ತನ್ನ ಬಳಿಗೆ ಯಾಕೆ ಮರಳಿಯಾನು? ಅವನು ಬಟ್ಟಲು ನೋಡಿದ, ಅವಳ ಮುಖ ನೋಡಿದ, ಕುಡಿದ. "ಇನ್ನೊಂದು ಬಟ್ಟಲು ಹಾಕಮ್ಮಾ," ಎಂದ. ಬೆಳೆಯುವ ಹುಡುಗ, ಹಸಿವು ಎಂದುಕೊಂಡಳು.

ಉಳಿದ ತಾಯಂದಿರು ಅದೃಷ್ಟ ಅಂಟಿಕೊಳ್ಳಲಿ ಎಂದು ಶಾಲೆಯ ಗೇಟಿಗೆ ಅಂಟುಮಿಠಾಯಿ ಮೆತ್ತಿ, ಮಕ್ಕಳು ಹೊರಗೆ ಬರುವವರೆಗೂ ಕೈಮುಗಿದು ನಿಂತಿದ್ದರು. ಅವಳು ಯಾವ ಮುಖ ಹೊತ್ತು ಹೋಗಬೇಕು? ಮನೆಯಲ್ಲೇ ಉಳಿದಳು. ಸಂಜೆ ಬಂದವನ ಷೂಗಳ ಮೇಲೆ ಉಪ್ಪಿನ ಗೆರೆ ಒಣಗಿತ್ತು. ಸುಮ್ಮನೆ ತೊಳೆದಿಟ್ಟಳು. "ಹೋಯ್ತಮ್ಮಾ," ಎಂದ, ಅಷ್ಟೇ. ಮತ್ತೆ ಬರೆಯೋ ಎಂದು ಗೋಗರೆದರೂ ಕೇಳದೆ ಅಂಗಡಿಯ ವ್ಯಾನು ಹತ್ತಿದ. ಅಂದಿನಿಂದ ಅವನು ಮೀನಿನ ಪೆಟ್ಟಿಗೆ ಹೊರುವುದನ್ನು ನೋಡಿದಾಗಲೆಲ್ಲ, ಈ ಮಗುವಿನ ಬಾಳನ್ನು ನಾನೇ ತಿಂದೆ ಎಂದುಕೊಳ್ಳುತ್ತಿದ್ದಳು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಹೇಳಿದರೆ ಹೊರಟುಹೋಗುತ್ತಾನೆ.

ಕೊನೆಯ ಕಂತು ಬಂತು. ಮಲತಾಯಿ ಆಸ್ತಿಗಾಗಿಯೇ ಕೊಂದಿದ್ದಳಂತೆ. ಮರುದಿನ ಬೊಂಗ್‌ನ್ಯೋಳ ಗಂಟಲು ಪೇಟೆಗೆಲ್ಲ ಕೇಳುತ್ತಿತ್ತು.

ಮಾಲ್ಸುನ್ ಅಂಗಡಿಯ ಮೂಲೆಯಲ್ಲಿ ಕೂತು ಹರಟೆಕಟ್ಟೆಯನ್ನು ಕೊನೆಯ ಸಲ ತೆರೆದಳು. ಒಣಸೀಗಡಿ ಎಂಬ ಹೆಸರನ್ನೇ ಅಳಿಸಿಬಿಡೋಣ ಎಂದು. ಅವಳ ಮಾತಿನ ಕೆಳಗೆ ಯಾರೋ ಹೊಸಬರ ಉತ್ತರ ಬಂದಿತ್ತು.

"ಕಥೆ ಬರೆದವರದ್ದು ತಪ್ಪು. ಒಣಸೀಗಡಿಯವರದ್ದೂ ತಪ್ಪು. ಅವತ್ತು ಹುಟ್ಟುಹಬ್ಬ ಅಲ್ಲ. ಹುಡುಗ ಸೋಲ್‌ಗೆ ಹೋಗಿಬಿಡ್ತಾನೆ ಅಂತ ಆ ತಾಯಿಗೆ ಹೆದರಿಕೆ. ಬಟ್ಟಲು ನೋಡಿದ ಕೂಡಲೇ ಹುಡುಗನಿಗೆ ಅದು ಗೊತ್ತಾಯ್ತು. ಅವಳೊಬ್ಬಳನ್ನೇ ಬಿಟ್ಟು ಹೋಗೋಕೆ ಅವನಿಗೂ ಮನಸ್ಸಿರಲಿಲ್ಲ. ಅದಕ್ಕೇ ಇನ್ನೊಂದು ಬಟ್ಟಲು ಹಾಕಿಸ್ಕೊಂಡು ಕುಡಿದ. ಪರೀಕ್ಷೆಗೆ ಹೋಗಲೇ ಇಲ್ಲ. ಬಂದರಿನ ಅಲೆತಡೆ ಗೋಡೆ ಮೇಲೆ ಸಂಜೆವರೆಗೆ ಕೂತಿದ್ದ. ಅಂದಹಾಗೆ, ಸಾರಿಗೆ ಉಪ್ಪು ಕಡಿಮೆ ಇತ್ತು."

ಅವಳು ಹೊರಗೆ ನೋಡಿದಳು. ಗ್ಯುಹೋ ಫೋನನ್ನು ಜೇಬಿಗಿಳಿಸಿ ವ್ಯಾನಿಗೆ ಪೆಟ್ಟಿಗೆ ಏರಿಸುತ್ತಿದ್ದ.

ಧಾರಾವಾಹಿಯ ಹುಡುಗ ಆ ಸಾರನ್ನು ಮುಟ್ಟಿಯೇ ಇರಲಿಲ್ಲ.